ಶೆಟ್ಟರ ಮಗ ದಾರಿ ಬಿಟ್ಟ ಸಂಜೆ

ದೇರೆಬೈಲಿನ ಹೋಟೆಲ್ ಮಾಲಕ ಶೀನಪ್ಪ ಶೆಟ್ಟರು ಹುಟ್ಟಿದಂದಿನಿಂದ ಯಾರಿಗೂ ದಾರಿ ಬಿಟ್ಟವರಲ್ಲ. ಹಿಂದಿನಿಂದ ಸಿಟಿ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದರೂ ಅವರ ಕಾರು ರಸ್ತೆಯ ನಡು ಬಿಟ್ಟು ಅಲುಗುವುದಿಲ್ಲ. ಮಂಗಳೂರಿನ ಬಸ್ಸಿನವರನ್ನೇ ಸತಾಯಿಸುವ ಧೈರ್ಯ ಇನ್ಯಾರಿಗುಂಟು ಹೇಳಿ! ಅಂಥವರ ಮಗ ಶೋಭಿತ್ ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ, ಅದೂ ನಮ್ಮದೇ ಮಂಗಳಾ ಸ್ಟೇಡಿಯಮ್ಮಿನಲ್ಲಿ, ಭಾರತದ ಬನಿಯನ್ ತೊಟ್ಟು ಹತ್ತು ಸಾವಿರ ಮೀಟರ್ ಓಡುತ್ತಾನೆಂದರೆ ಶೆಟ್ಟರು ಸುಮ್ಮನಿರುತ್ತಾರೆಯೇ? ಹೋಟೆಲಿಗೆ ಬೀಗ ಜಡಿದು, ಅಡುಗೆಯವರು, ಸಪ್ಲಾಯರ್‌ಗಳು, ಅಕ್ಕಪಕ್ಕದ ಮನೆಯವರು ಎಲ್ಲರನ್ನೂ ಒಂದು ಬಸ್ಸಿಗೆ ತುಂಬಿಕೊಂಡು ಬಂದಿದ್ದರು.

ಬೆಳಿಗ್ಗೆ ಮಗನಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು.

"ಪದಕ ಬರುವುದು ಬಿಡುವುದು ದೇವರಿಗೆ ಬಿಟ್ಟದ್ದು. ಆದರೆ ಒಂದು ಸುತ್ತು ಹಿಂದೆ ಬಿದ್ದು ಇನ್ನೊಬ್ಬನಿಗೆ ದಾರಿ ಬಿಟ್ಟುಕೊಡುವ ಕೆಲಸ ಮಾತ್ರ ಮಾಡ್ಬೇಡ. ಆಮೇಲೆ ನಾನು ಊರವರಿಗೆ ಮುಖ ತೋರಿಸುವುದು ಹೇಗೆ?"

"ಆಯ್ತು ಅಪ್ಪ" ಎಂದಿದ್ದ ಶೋಭಿತ್. ಅಪ್ಪನೆದುರು ಅವನು ಯಾವತ್ತೂ ಹೇಳುವುದು ಅಷ್ಟೇ.

ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಓಟ ಶುರುವಾಯಿತು. ಇಪ್ಪತ್ತೈದು ಸುತ್ತು. ಮುಂದಿದ್ದವನು ಬಹ್ರೇನಿನವನು, ಎಲುಬು ಚರ್ಮ ಅಂಟಿಕೊಂಡ ಸಣಕಲು ಆಳು. "ಪಾಪ, ಇವನಿಗೆ ಹೊಟ್ಟೆಗೆ ಹಾಕುವವರಿಲ್ವಾ ಮಾರಾಯ್ರೆ?" ಎಂದು ಶೆಟ್ಟರು ನಗಾಡಿದರು. ಪಕ್ಕದಲ್ಲಿದ್ದವರು ಶೋಭಿತ್‌ಗೆ ಶಾಲೆಯಲ್ಲಿ ಓಡಲು ಕಲಿಸಿದ ಕುಲಶೇಖರದ ಆಂಬ್ರೋಸ್ ಮಾಸ್ಟ್ರು. ಅವರು ನಗಲಿಲ್ಲ. "ಸ್ವಲ್ಪ ತಾಳಿ ಶೆಟ್ರೇ" ಎಂದರು.

ಅರ್ಧ ಓಟ ಕಳೆದದ್ದೇ ತಡ, ಆ ಸಣಕಲ ಹೊರಟ. ಅಬ್ಬಬ್ಬಾ! ಕಾಲು ನೆಲಕ್ಕೆ ತಾಗುತ್ತಿತ್ತೋ ಇಲ್ಲವೋ. ತಲೆ ಅಲುಗುವುದಿಲ್ಲ, ಹೆಗಲು ಕುಲುಕುವುದಿಲ್ಲ, ಮುಖದಲ್ಲಿ ದಣಿವೆಂಬುದೇ ಇಲ್ಲ. ಉಳಿದವರೆಲ್ಲ ಓಡುತ್ತಿದ್ದರು, ಅವನು ಸುಮ್ಮನೆ ಹೋಗುತ್ತಿದ್ದ. ಶೆಟ್ಟರ ಕೈಯಲ್ಲಿದ್ದ ಚರುಮುರಿ ಪೊಟ್ಟಣ ಹಾಗೇ ಉಳಿಯಿತು. ಮನುಷ್ಯನ ಮೈಯಿಂದ ಇಂಥದ್ದೂ ಆಗುತ್ತದೆ ಎಂದು ಅವರಿಗೆ ಇಷ್ಟು ವಯಸ್ಸಾದರೂ ಗೊತ್ತಿರಲಿಲ್ಲ. ಮೈ ಜುಮ್ಮೆಂದಿತು.

ಇದೇ ವೇಗದಲ್ಲಿ ಹೋದರೆ ಕೂಟದ ದಾಖಲೆ ಮುರಿಯುತ್ತದೆ ಎಂದು ಮೈಕಿನವನು ಕಿರುಚಿದ. ಇಡೀ ಸ್ಟೇಡಿಯಂ ಎದ್ದು ನಿಂತಿತು. ಸುತ್ತು ಹಿಂದೆ ಬಿದ್ದವರು ಅವನು ಹತ್ತಿರ ಬರುತ್ತಿದ್ದಂತೆ ಒಬ್ಬೊಬ್ಬರಾಗಿ ಹೊರಗೆ ಸರಿದು ಒಳಗಿನ ಹಾದಿ ಬಿಟ್ಟುಕೊಟ್ಟರು. ಈಗ ಅವನ ಎದುರಿಗೆ ಸಿಕ್ಕವನು ಶೋಭಿತ್. ತಿರುವಿನಲ್ಲಿ, ಒಳಗಿನ ಗೆರೆಗೆ ಅಂಟಿಕೊಂಡೇ ಓಡುತ್ತಿದ್ದ.

"ನಿಮ್ಮ ಹುಡುಗ ಎಂತ ಮಾಡ್ತಿದ್ದಾನೆ ಶೆಟ್ರೇ?" ಮಾಸ್ಟ್ರು ಚಡಪಡಿಸಿದರು. "ಅವನು ಸರಿಯದಿದ್ದರೆ ಹಿಂದಿನಿಂದ ಬರುವವನು ಹೊರಗಿನಿಂದ ಬಳಸಿ ಹೋಗ್ಬೇಕು. ಒಂದು ಹೆಜ್ಜೆ ತಪ್ಪಿದರೂ ದಾಖಲೆ ಹೋಯ್ತು!"

ಹುಡುಗ ಎಂತ ಮಾಡುತ್ತಿದ್ದಾನೆಂದು ಶೆಟ್ಟರಿಗೆ ಗೊತ್ತಿತ್ತು. ಅಪ್ಪನ ಮಾತು ಪಾಲಿಸುತ್ತಿದ್ದ. ಓಡುತ್ತಲೇ ಒಮ್ಮೆ ಗ್ಯಾಲರಿಯ ಕಡೆ ಕಣ್ಣು ಹಾಯಿಸಿದ್ದನ್ನೂ ಅವರು ಕಂಡರು. ಇಂಥದ್ದೊಂದು ಓಟ ತನ್ನ ಒಣ ಜಂಬಕ್ಕೆ ಎಡವಿ ಬೀಳಬೇಕೇ?

ಶೆಟ್ಟರು ಕುರ್ಚಿಯ ಮೇಲೆ ಹತ್ತಿ ನಿಂತರು. "ಸಾದಿ ಬುಡ್ಲ ಮಗಾ!" ಎಂದು ತುಳುವಿನಲ್ಲೇ ಅರಚಿದರು. "ದಾರಿ ಬಿಡು! ನಾನು ಹೇಳ್ತಿದ್ದೇನೆ, ದಾರಿ ಬಿಡು ಮಗಾ!" ಅವರ ಹೆಂಡತಿ ಶಶಿಪ್ರಭಾ ಬೆರಗಾಗಿ ಗಂಡನ ಮುಖವನ್ನೇ ನೋಡಿದರು.

ಶೋಭಿತ್ ಹೊರಗೆ ಸರಿದ. ಆ ಸಂದಿನಲ್ಲಿ ಬಹ್ರೇನಿನವನು ಹೆಜ್ಜೆ ಹಿಂದುಮುಂದಾಗದೆ ಹಾದುಹೋದ. ದಾಖಲೆ ಮುರಿದಾಗ ಸಾವಿರಾರು ಜನ ಒಂದೇ ಕೊರಳಾಗಿ ಕೂಗಿದರು. ಶೆಟ್ಟರು ಎಲ್ಲರೆದುರೇ ಅತ್ತುಬಿಟ್ಟರು, ಕಣ್ಣೊರೆಸಿಕೊಳ್ಳಲೂ ಇಲ್ಲ.

ಕೊನೆಯವರ ಸಾಲಿನಲ್ಲಿ ಓಟ ಮುಗಿಸಿದ ಶೋಭಿತ್ ಬೇಲಿಯ ಹತ್ತಿರ ಬಂದು ತಲೆ ತಗ್ಗಿಸಿ ನಿಂತ.

"ಸಾರಿ ಅಪ್ಪ. ನಿಮಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ."

ಶೆಟ್ಟರು ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ. "ಆ ಗಲಾಟೆಯಲ್ಲಿ ನನಗೆ ಯಾರ ಸ್ವರವೂ ಕೇಳ್ತಿರಲಿಲ್ಲ. ಹಿಂದಿನಿಂದ ಅವನ ಉಸಿರು ಮಾತ್ರ ಕೇಳಿತು. ಎಷ್ಟು ನಿಧಾನ ಗೊತ್ತುಂಟಾ ಅಪ್ಪ, ಮಲಗಿ ನಿದ್ದೆ ಮಾಡುವವರ ಹಾಗೆ! ನಿಮಗೆ ಬೇಜಾರಾಗ್ತದೆ ಅಂತ ಗೊತ್ತಿತ್ತು. ಆದರೂ ಅಂಥವನಿಗೆ ಅಡ್ಡ ನಿಲ್ಲಲಿಕ್ಕೆ ನನ್ನಿಂದ ಆಗಲಿಲ್ಲ. ನಾನೇ ಬಿಟ್ಟೆ."

"ಅಯ್ಯೋ, ಇವರೇ ಅಲ್ವಾ..." ಎಂದು ಶಶಿಪ್ರಭಾ ಶುರುಮಾಡಿದರು. ಶೆಟ್ಟರು ಅವರ ಮೊಣಕೈ ಒತ್ತಿ ಹಿಡಿದರು.

"ನೀನೇ ಬಿಟ್ಟದ್ದಾ?"

"ಹೌದಪ್ಪ."

ಶೆಟ್ಟರು ಬೇಲಿಯಾಚೆಗೆ ಕೈ ಚಾಚಿ ಮಗನ ಬೆವರಿದ ತಲೆ ಸವರಿದರು. "ಒಳ್ಳೆ ಕೆಲಸ ಮಾಡಿದೆ" ಎಂದರು. ಸ್ವರ ಕರಕರ ಎಂದಿತು.

"ನಿಮ್ಮ ಗಂಟಲಿಗೆ ಎಂತ ಆಯ್ತು ಅಪ್ಪ?"

"ಎಂತ ಇಲ್ಲ. ಆ ಬಹ್ರೇನಿನವನಿಗೆ ಜೈ ಅಂತ ಕೂಗಿದ್ದು."