ಎಂಟು ಟೀವಿಗಳ ಹೊಳೆ

ದನಿ ಹೋದ ಟೀವಿಯನ್ನು ಯಾರಾದರೂ ಆಸೆಪಟ್ಟು ಕೊಳ್ಳುತ್ತಾರೆಯೇ? ರಾಮದುರ್ಗದ ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿ ಇಟ್ಟಿದ್ದ ಕಾಡಪ್ಪನಿಗೆ ಇಪ್ಪತ್ತು ವರ್ಷದ ಕಸುಬಿನಲ್ಲಿ ಅಂಥ ಗಿರಾಕಿ ಸಿಕ್ಕಿರಲಿಲ್ಲ. 2002ರ ಬೇಸಿಗೆಯಲ್ಲಿ ಗೌತಮಿ ಎಂಬ ಹುಡುಗಿ ಬಂದು ಅಂಥವನ್ನೇ ಹುಡುಕಿ ಹುಡುಕಿ ಎಂಟು ಒಯ್ದಳು. ಪುಣೆಯಲ್ಲಿ ಚಿತ್ರಕಲೆ ಕಲಿತು ಬಂದು, ರಾಯವ್ವನ ಮನೆಯ ಮಾಳಿಗೆ ಕೋಣೆಯನ್ನು ಬಾಡಿಗೆ ಹಿಡಿದವಳು.

"ಚಾನೆಲ್ ಹಿಡಿಯೂದಿಲ್ಲ, ದನೀನೂ ಇಲ್ಲ. ಒಯ್ದು ಏನ ಮಾಡ್ತೀರಿ ಬಾಯಾರ?" ಎಂದು ಕಾಡಪ್ಪ ಒಮ್ಮೆ ಕೇಳಿಯೇಬಿಟ್ಟ.

"ಗಾಜು ಬೆಳಗಿದ್ರ ಸಾಕ್ರಿ. ಅದರಾಗ ಚಿತ್ರ ತಗೀತೇನಿ."

ಕಾಡಪ್ಪ ನಂಬಲಿಲ್ಲ. ಚಿತ್ರ ಬರೆಯುವವರಿಗೆ ಹಾಳೆ ಇದೆ, ಗೋಡೆ ಇದೆ. ಕೆಟ್ಟ ಟೀವಿಯೇ ಏಕೆ ಬೇಕು? ಇದರಲ್ಲಿ ಏನೋ ಇದೆ ಅನ್ನಿಸಿತು.

ಎರಡು ತಿಂಗಳಾಗಿರಬೇಕು. ರಾಯವ್ವನ ಓಣಿಯಿಂದ ಒಂದರ ಹಿಂದೊಂದು ಮೂರು ಟೀವಿ ಅಂಗಡಿಗೆ ಬಂದವು. ಮೂರರದೂ ಒಂದೇ ರೋಗ: ಪರದೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆ. ಗಾಜಿನ ಹತ್ತಿರ ಆಯಸ್ಕಾಂತ ತಂದರೆ ಹೀಗೆ ಬಣ್ಣ ದಾರಿ ತಪ್ಪುತ್ತದೆ, ಆಮೇಲೆ ಆಯಸ್ಕಾಂತ ತೆಗೆದರೂ ಕಲೆ ಉಳಿಯುತ್ತದೆ ಎಂಬುದು ಕಾಡಪ್ಪನಿಗೆ ಗೊತ್ತಿತ್ತು. ಅದನ್ನು ಅಳಿಸಲು ಅವನ ಬಳಿ ತಂತಿಯ ಸುರುಳಿಯೊಂದಿತ್ತು. ಕರೆಂಟು ಹರಿಸಿ ಗಾಜಿನ ಮುಂದೆ ಆಡಿಸಿದರೆ ಪರದೆ ಸ್ವಚ್ಛವಾಗುತ್ತಿತ್ತು.

ಅದೇ ವಾರ ಸಂತೆಯಲ್ಲಿ ಸಿಕ್ಕ ರಾಯವ್ವ, ಅವನು ಕೇಳದೆಯೇ ಬಾಯಿಬಿಟ್ಟಳು. "ಆ ಹುಡುಗಿ ಅಂಗೈಯಷ್ಟು ಆಯಸ್ಕಾಂತ ಹಿಡಕೊಂಡು ಟೀವಿ ಮುಂದ ಕುಂತಿರತಾಳ ನೋಡಪಾ. ಏನ ಮಾಟಾನೋ ಏನೋ."

ಮಾಟವಲ್ಲ, ಮೋಸ ಎಂದುಕೊಂಡ ಕಾಡಪ್ಪ. ಮಂದಿಯ ಒಳ್ಳೆಯ ಟೀವಿ ಕೆಡಿಸುವುದು, ಬೇಸತ್ತು ಅವರು ಮಾರಿದಾಗ ಅಗ್ಗಕ್ಕೆ ಎತ್ತಿಕೊಂಡು ಹೋಗುವುದು! ಪರಸಪ್ಪನ ಚಹಾದಂಗಡಿಯಲ್ಲಿ ಕೂತು ಇದನ್ನು ನಾಲ್ಕು ಮಂದಿಯ ಮುಂದೆ ಅಂದ. ಮರುದಿನ ಊರೇ ಅನ್ನತೊಡಗಿತು. ತಿಂಗಳೊಳಗೆ ಕೋಣೆ ಖಾಲಿ ಮಾಡೆಂದು ರಾಯವ್ವ ಗೌತಮಿಗೆ ಹೇಳಿದಳು.

ಗೌತಮಿ ಸವದತ್ತಿಗೆ ಹೋಗಿದ್ದ ಒಂದು ರವಿವಾರ, ಅವಳು ಕೆಡಿಸಿದ್ದನ್ನೆಲ್ಲ ಸರಿಮಾಡಿ ತೋರಿಸುತ್ತೇನೆಂದು ಕಾಡಪ್ಪ ಸುರುಳಿ ಹಿಡಿದು ಆ ಮನೆಗೆ ಹೋದ. ರಾಯವ್ವನೇ ಬೀಗ ತೆಗೆದಳು. ಎಂಟು ಟೀವಿ ಸಾಲಾಗಿ ಕೂತಿದ್ದವು. ಗುಂಡಿ ಒತ್ತಿದ. ಎಂಟರಲ್ಲೂ ಹಸಿರು, ನೀಲಿ, ಕೆಂಪು ಕಲೆ.

"ನೋಡವಾ, ಎಲ್ಲಾ ಕೆಡಿಸಿಟ್ಟಾಳ," ಎಂದವನೇ ಸುರುಳಿ ಆಡಿಸಿದ. ಒಂದು, ಎರಡು, ಮೂರು. ಏಳನೆಯದನ್ನು ಅಳಿಸುವಾಗ ಅದರ ನೀಲಿ ಗೆರೆ ಅಂಚು ದಾಟಿ ಎಂಟನೆಯದರೊಳಗೆ ಹೊಕ್ಕಂತೆ ಕಂಡಿತು. ಅರೆಗಳಿಗೆ ಕೈ ತಡೆಯಿತು. ಆದರೆ ಹಿಡಿದ ಕೆಲಸ ಮುಗಿಸಿಯೇ ಎದ್ದ.

ಸಂಜೆ ಗೌತಮಿ ನೇರ ಅಂಗಡಿಗೆ ಬಂದಳು. ಕೂಗಾಡಲಿಲ್ಲ. ಒಂದು ವಹಿ ಬಿಚ್ಚಿ ಮುಂದಿಟ್ಟಳು. ಪುಟಪುಟದಲ್ಲೂ ಪೆನ್ಸಿಲ್ಲಿನಲ್ಲಿ ಬರೆದ ಮಲಪ್ರಭೆ, ಕೆಳಗೆ ಯಾವ ಟೀವಿ, ಎಲ್ಲಿ ಎಷ್ಟು ಹೊತ್ತು ಆಯಸ್ಕಾಂತ ಎಂಬ ಗುರುತು.

"ಎಂಟೂ ಕೂಡಿಸಿದ್ರ ಒಂದ ಹೊಳಿ ಆಗತಿತ್ರಿ. ಎರಡು ತಿಂಗಳ ಮಾಡೇನಿ. ಅಳಸೂಕ್ಕಿಂತ ಮೊದಲ ನನ್ನ ಒಂದ ಮಾತ ಕೇಳಬೇಕಿತ್ತು."

"ಹಂಗಾರ ಆ ಮೂರು ಮನಿ ಟೀವಿ?"

"ಯಾವ ಮನಿ? ಆ ಓಣ್ಯಾಗ ರಾಯವ್ವನ ಮನಿ ಬಿಟ್ಟು ನಾ ಯಾರ ಹೊಸ್ತಿಲಾನೂ ದಾಟಿಲ್ಲ."

ಸುಳ್ಳಿರಬಹುದು ಅಂದುಕೊಂಡರೂ ಕಾಡಪ್ಪನಿಗೆ ಊಟ ರುಚಿಸಲಿಲ್ಲ. ಎರಡು ದಿನದ ಮೇಲೆ ಆ ಮೂವರಲ್ಲಿ ಒಬ್ಬನಾದ ಹಣಮಂತಪ್ಪ, ಸರಿಮಾಡಿಸಿಕೊಂಡು ಹೋದ ಟೀವಿಯಲ್ಲಿ ಮತ್ತೆ ಕಲೆ ಬಂದಿದೆ ಎಂದು ಜಗಳಕ್ಕೆ ಬಂದ. ಕಾಡಪ್ಪ ಅವನ ಮನೆಗೇ ಹೋದ. ಟೀವಿಯ ಎರಡೂ ಮಗ್ಗುಲಿಗೆ ಹೊಸ ಸ್ಪೀಕರ್ ಒತ್ತಿಕೊಂಡು ನಿಂತಿದ್ದವು.

"ಹೋದ ತಿಂಗಳ ಬೆಳಗಾವಿಯಿಂದ ತಂದದ್ದು," ಎಂದ ಹಣಮಂತಪ್ಪ ಹೆಮ್ಮೆಯಿಂದ. "ಬಾಜೂ ಮನಿ ಇಬ್ಬರೂ ಕೂಡೇ ತಂದಾರ."

ಕಾಡಪ್ಪ ಒಂದು ಸ್ಪೀಕರನ್ನು ಮೆಲ್ಲಗೆ ಸರಿಸಿದ. ಅದರ ಹಿಂದೆಯೇ ಕಲೆಯೂ ಸರಿಯಿತು. ಸ್ಪೀಕರಿನ ಹೊಟ್ಟೆಯಲ್ಲಿ ಆಯಸ್ಕಾಂತ ಇರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಲ್ಲಿಂದ ಪರಸಪ್ಪನ ಅಂಗಡಿಗೆ ಹೋಗಿ, "ತಪ್ಪು ನಂದ. ಕಲೆ ಬಿದ್ದದ್ದು ಹೊಸಾ ಸ್ಪೀಕರಿನಿಂದ. ಆ ಹುಡುಗಿ ಏನೂ ಮಾಡಿಲ್ಲ," ಎಂದ.

ಪರಸಪ್ಪ ಚಹಾ ಸೋಸುತ್ತಲೇ, "ಹಂಗಾರ ಸ್ಪೀಕರ್ ಮಾರಾವ್ರ ಜೋಡಿ ಆಕಿ ಸಾಮೀಲು ಅದಾಳೇನು?" ಎಂದ. ಕುಳಿತವರು ತಲೆಯಾಡಿಸಿದರು. ಕಾಡಪ್ಪ ಎಷ್ಟು ಬಡಿದುಕೊಂಡರೂ ಅವರು ಅವನತ್ತಲೇ ಓರೆಗಣ್ಣಿನಿಂದ ನೋಡಿದರು. ಅವನೇ ಆಡಿ ಬಿಟ್ಟ ಮಾತು ಈಗ ಅವನ ಕೈಗೆ ಸಿಗುತ್ತಿರಲಿಲ್ಲ.

ರಾಯವ್ವನೂ ಮನಸ್ಸು ಬದಲಿಸಲಿಲ್ಲ. ಕೊನೆಗೆ ಕಾಡಪ್ಪ ತನ್ನ ಅಂಗಡಿಯ ಹಿಂದಿನ ಖೋಲಿಯನ್ನು ಖಾಲಿ ಮಾಡಿ, "ಟೀವಿ ಇಲ್ಲೇ ಇಟಗೋರಿ. ಬಾಡಿಗಿ ಬ್ಯಾಡ," ಎಂದ. ಗೌತಮಿ ಖೋಲಿಯ ಕಿಟಕಿಯನ್ನೂ ಚಿಲಕವನ್ನೂ ಎರಡೆರಡು ಸಲ ನೋಡಿದಳು. ತನ್ನದೇ ಬೀಗ ತಂದು ಹಾಕಿದಳು. ಅವನು ಸುರುಳಿ ಹಿಡಿದು ಎದ್ದಾಗಲೆಲ್ಲ ಒಳಗಿನಿಂದ ಅಗಳಿ ಬೀಳುವ ಸದ್ದು ಕೇಳುತ್ತಿತ್ತು. ಕಾಡಪ್ಪ ಸಿಟ್ಟಾಗಲಿಲ್ಲ.

ದಸರೆಯ ಹೊತ್ತಿಗೆ ಒಂದು ದಿನ ಬಾಗಿಲು ತೆರೆಯಿತು. "ಬರ್ರಿ. ಖಾಲಿ ಕೈಲೆ ಬರ್ರಿ," ಎಂದಳು.

ಎಂಟು ಗಾಜುಗಳಲ್ಲಿ ಹೊಳೆ ಹರಿದಿತ್ತು. ಬಳಿದ ಬಣ್ಣದಂತಲ್ಲ, ಒಳಗಿನಿಂದಲೇ ಬೆಳಗಿ ಬಂದ ನೀರು. ಕಾಡಪ್ಪ ಇಷ್ಟು ವರ್ಷ ರೋಗವೆಂದು ಅಳಿಸುತ್ತ ಬಂದದ್ದು ಇದನ್ನೇ. ಕೈ ಹಿಂದೆ ಕಟ್ಟಿ ಒಂದೊಂದರ ಮುಂದೆಯೂ ನಿಂತ. ಐದನೆಯದಕ್ಕೆ ಬಂದು ಬಗ್ಗಿ ನೋಡಿದ.

"ಇದು ಸೇತುವಿ ಕೆಳಗಿಂದಲ್ಲೇನ್ರಿ? ಇಲ್ಲಿ ಮಡುವು ಐತಿ. ನೀರು ಇಷ್ಟು ತಿಳಿ ಕಾಣೂದಿಲ್ಲ. ಹಸರ ಇನ್ನೂ ಕಪ್ಪಾಗಬೇಕು."

ಗೌತಮಿ ಅವನ ಮುಖವನ್ನೇ ನೋಡಿದಳು, ಚೇಷ್ಟೆ ಮಾಡುತ್ತಿದ್ದಾನೋ ಎಂಬಂತೆ. ಆಮೇಲೆ ಆಯಸ್ಕಾಂತ ತೆಗೆದುಕೊಂಡಳು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ.

"ಎಲ್ಲೆ ಅಂತ ಬಾಯಿಲೆ ಹೇಳ್ರಿ," ಎಂದಳು. "ನಾನ ಮಾಡತೇನಿ."