ಗುರುತಿಲ್ಲದ ಹನ್ನೊಂದು ಪುಟ

"ಅತ್ತಿಗೆ, ಇದೇನಿದು? ಹನ್ನೊಂದು ಪುಟಕ್ಕೆ ಒಂದೂ ಕೆಂಪು ಗುರುತಿಲ್ವಲ್ಲ!"

ಮೈದುನ ಕರಡಿನ ಹಾಳೆಗಳನ್ನು ತಿರುವಿ ತಿರುವಿ ನೋಡಿದ. ಅತ್ತಿಗೆ ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ.

ಮುದ್ರಣಾಲಯದ ಮಹಡಿಯ ಆ ಪುಟ್ಟ ಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅವರದು ಒಂದೇ ಪದ್ಧತಿ. ಮೈದುನ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಕಾಮಾ, ಫುಲ್‌ಸ್ಟಾಪುಗಳನ್ನೂ ಬಿಡದೆ. ಅತ್ತಿಗೆ ಅಚ್ಚಾಗಿ ಬಂದ ಕರಡಿನ ಮೇಲೆ ಕಣ್ಣಿಟ್ಟು ತಪ್ಪು ತಿದ್ದಬೇಕು. ಕಾನೂನಾಗಲಿ, ಕೃಷಿಯಾಗಲಿ, ಹಲ್ಲಿನ ರೋಗವಾಗಲಿ, ಆಕೆಗೆ ಎಲ್ಲವೂ ಬರೀ ಅಕ್ಷರ. ಒಳಗೇನಿದೆ ಎಂದು ಯಾರಾದರೂ ಕೇಳಿದರೆ, "ನಂಗೇನ್ ಗೊತ್ತು? ನಾನು ತಿದ್ದೋಳು, ಓದೋಳಲ್ಲ" ಅನ್ನುತ್ತಿದ್ದಳು.

ಈ ಗ್ರಹಾಂತರ ಸಾಹಸದ ಕಾದಂಬರಿ ಮಾಲೆ ಮಾತ್ರ ಆಕೆಯನ್ನು ಕೆಡಿಸಿತ್ತು. ಆರನೆಯ ಕಾದಂಬರಿಯಲ್ಲಿ ಇಡೀ ಒಂದು ಸಾಲು ಎರಡೆರಡು ಸಲ ಅಚ್ಚಾಗಿ ಹೋದಾಗ ಮಾಲೀಕರು ಕರೆದು ಮೆತ್ತಗೆ ಹೇಳಿದ್ದರು: "ಏಳನೇದ್ರಲ್ಲೂ ಹೀಗಾದ್ರೆ, ಕಣ್ಣು ಚುರುಕಾಗಿರೋರನ್ನ ನೋಡ್ಬೇಕಾಗತ್ತೆ ಅಮ್ಮ." ಆಕೆಯ ಕಣ್ಣಿಗೇನೂ ಆಗಿರಲಿಲ್ಲ. ಆದರೆ ಐವತ್ತೆಂಟರ ಹೆಂಗಸು ಕಥೆ ಕೇಳುತ್ತ ಮೈಮರೆತೆ ಎಂದರೆ ಯಾರು ತಾನೇ ನಗುವುದಿಲ್ಲ?

ಇವತ್ತಿನ ಅಧ್ಯಾಯವಂತೂ ಆಕೆಯನ್ನು ಹಾಗೇ ಎತ್ತಿಕೊಂಡು ಹೋಗಿಬಿಟ್ಟಿತ್ತು. ಅಂತರಿಕ್ಷ ಹಡಗಿನ ಮುದಿ ಅಡುಗೆಯವನು, ಆರು ಕಾದಂಬರಿಗಳಲ್ಲಿ ಒಮ್ಮೆಯೂ ಒಲೆ ಬಿಟ್ಟು ಕದಲದವನು, ಕಳಚಿಹೋದ ಕೊಂಡಿಯನ್ನು ಕೂಡಿಸಲು ತಾನೇ ಹೊರಗಿಳಿದಿದ್ದ. ಯಾರೂ ಹೆಸರಿಡದ ಒಂದು ಚಂದ್ರ. ಕಾಲಡಿಗೆ ನೀಲಿ ಮಂಜು. ಮೇಲೆ ಅರ್ಧ ಆಕಾಶ ತುಂಬಿದ್ದ ಗ್ರಹದ ಉಂಗುರ, ಅದರ ನೆರಳು ಬಯಲಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಕೊಂಡಿ ಕೂಡಿತು, ಹಡಗು ಉಳಿಯಿತು, ಅವನು ಉಳಿಯಲಿಲ್ಲ. "ಅಬ್ಬಾ, ಎಷ್ಟು ದೊಡ್ಡದಿದೆ" ಎಂದಷ್ಟೇ ರೇಡಿಯೋದಲ್ಲಿ ಹೇಳಿದ್ದ. ಎರಡು ಕುರ್ಚಿ ಹಾಕಿದರೆ ತುಂಬಿಹೋಗುವ ಈ ಕೋಣೆಯಲ್ಲಿ ಅಷ್ಟು ದೊಡ್ಡ ಆಕಾಶ ಎಲ್ಲಿ ಹಿಡಿಸಿತೋ ಎಂದು ಅತ್ತಿಗೆ ಬೆರಗಾಗಿ ಕೂತುಬಿಟ್ಟಿದ್ದಳು.

"ನಾಲ್ಕು ಗಂಟೆಗೆ ಕೆಳಗೆ ಕೊಡ್ಬೇಕು. ಇನ್ನೊಂದ್ಸಲ ಓದ್ಲಾ?" ಮೈದುನ ಕೇಳಿದ.

"ಓದಿದ್ರೆ ಮತ್ತೆ ಹಾಗೇ ಆಗತ್ತೆ ಕಣೋ. ನನ್ನ ಕೈಲಾಗಲ್ಲ." ಆಕೆ ಪೆನ್ನಿನ ಮುಚ್ಚಳ ತೆಗೆದಳು. "ಕೊನೇ ವಾಕ್ಯದಿಂದ ಹಿಂದಕ್ಕೆ ಓದ್ತಾ ಬಾ. ಒಂದೊಂದೇ ವಾಕ್ಯ. ಕಥೆ ಹೇಗೆ ಹಿಡ್ಕೊಳತ್ತೆ ನೋಡೋಣ."

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಆಕೆಯೇ ಹೇಳಿಕೊಡುತ್ತಿದ್ದ ಉಪಾಯ ಅದು. ತನಗೇ ಬೇಕಾಗಬಹುದೆಂದು ಎಂದೂ ಅಂದುಕೊಂಡಿರಲಿಲ್ಲ.

"ಹಡಗು ಅವನಿಲ್ಲದೆ ಹೊರಟಿತು ಫುಲ್‌ಸ್ಟಾಪ್," ಮೈದುನ ಶುರುಮಾಡಿದ.

ಪೆನ್ನು ಓಡತೊಡಗಿತು. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಒಂದು ಪದ ತಲೆಕೆಳಗಾಗಿತ್ತು. ಮೂರು, ನಾಲ್ಕು, ಐದು ತಪ್ಪುಗಳು ಸಿಕ್ಕಿದವು. ಆಕೆಗೆ ಹೋದ ಜೀವ ಬಂದಂತಾಯಿತು. ಆದರೆ ಕಥೆಯೇನೂ ಸುಮ್ಮನೆ ಬಿಡಲಿಲ್ಲ. ಮಂಜಿನಲ್ಲಿ ಬಿದ್ದಿದ್ದ ಅಡುಗೆಯವನು ಮೂರು ವಾಕ್ಯ ಕಳೆಯುವಷ್ಟರಲ್ಲಿ ಎದ್ದು ನಿಂತಿದ್ದ. ಇನ್ನೊಂದು ಪುಟಕ್ಕೆ ಏಣಿಯ ಹತ್ತಿರವಿದ್ದ. ಮತ್ತೊಂದು ಪುಟಕ್ಕೆ ಉಂಗುರವನ್ನು ಅವನಿನ್ನೂ ನೋಡಿಯೇ ಇರಲಿಲ್ಲ. ಹನ್ನೊಂದು ಪುಟಕ್ಕೆ ಒಂಬತ್ತು ಗುರುತಾದವು, ಕೊನೆಗೆ ಅಧ್ಯಾಯದ ಮೊದಲ ವಾಕ್ಯವೊಂದೇ ಉಳಿಯಿತು.

"ಅಡುಗೆಯವನು ಹಾಡಿಕೊಳ್ಳುತ್ತ ಕಾಮಾ ಎಲ್ಲರ ತಟ್ಟೆಗೂ ಬಡಿಸುತ್ತಿದ್ದ ಫುಲ್‌ಸ್ಟಾಪ್."

ಕೆಳಗೆ ಯಂತ್ರ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

"ಇನ್ನೂ ಕಾಲು ಗಂಟೆ ಇದೆ ಅತ್ತಿಗೆ," ಮೈದುನ ಮೆಲ್ಲಗೆ ಹೇಳಿದ. "ಮುಂದಕ್ಕೂ ಒಂದ್ಸಲ ಓದ್ಬಿಡೋಣ್ವಾ?"

"ಬೇಡಪ್ಪ. ಅವನು ಬಡಿಸ್ತಿರ್ಲಿ."

ಆಕೆ ಮೊದಲ ಪುಟವನ್ನು ಎಲ್ಲಕ್ಕಿಂತ ಮೇಲಿಟ್ಟು, ಅಂಚು ಸರಿಮಾಡಿ, ತಾನೇ ಕೊಟ್ಟು ಬರಲು ಎದ್ದಳು. ಮೆಟ್ಟಿಲಿಳಿಯುವಾಗ ಆ ಹಾಳೆಗಳನ್ನು ತುಂಬಿದ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.