ಮೊದಲ ಸಾಲಿನ ಮೇಲಿನ ಕುಂಕುಮ

ಮೀಟರಿನ ಕೆಂಪು ಅಂಕಿಗಳು ಓಡುತ್ತಿವೆ, ನಲವತ್ತೊಂದು, ನಲವತ್ತೆರಡು, ಬಿಜವಾಡದ ಭವಾನಿಪುರದ ಈ ಎಸ್‌ಟಿಡಿ ಬೂತಿನಲ್ಲಿ ಫ್ಯಾನಿಲ್ಲ, ರಿಸೀವರ್ ಬೆವರಿಗೆ ಜಾರುತ್ತಿದೆ, ಅತ್ತ ಗಾಜುವಾಕದ ನಮ್ಮ ಬ್ಯಾಂಕ್ ಶಾಖೆಯಿಂದ ಮ್ಯಾನೇಜರ್ ಶಂಕರಪ್ಪನವರು ಉಸಿರು ಬಿಡದೆ ಮಾತಾಡುತ್ತಿದ್ದಾರೆ, ಮಷೀನ್ ಪೂರಾ ಖಾಲಿ ಆಗೇತಿ ಈಶ್ವರಪ್ಪನವರ, ಒಂದು ಫೈಲೂ ಉಳಿದಿಲ್ಲ, ಬ್ಯಾಕಪ್ ಟೇಪಿನ್ಯಾಗ ಹೋದ ತಿಂಗಳದ್ದಷ್ಟ ಐತಿ — ಮೂರು ವರ್ಷ ನಾನು ಕೂಸಿನ ಹಾಗೆ ನೋಡಿಕೊಂಡ ಯೂನಿಕ್ಸ್ ಯಂತ್ರ, ಮತ್ತು ಅದರ ಮುಂದೆ ಕೂತಿದ್ದವರು ಭ್ರಮರಾಂಬಗಾರು, ಮಾರ್ಚಿಗೆ ರಿಟೈರಾಗುವ ಹೆಡ್ ಕ್ಲರ್ಕ್, ಆಕಿಗೆ ರೂಟ್ ಪಾಸ್‌ವರ್ಡ್ ಹೆಂಗ ಸಿಕ್ತು ಹೇಳ್ರಿ, ಸ್ಟ್ರಾಂಗ್ ರೂಮಿನ್ಯಾಗ ಅದನ್ನ ಬರೆದಿಟ್ಟ ಲಕೋಟೆದ ಅರಗು ಒಡೆದಿಲ್ಲ — ಒಡೆಯುವುದು ಹೇಗೆ ಸರ್, ಕೊಟ್ಟವನು ನಾನು, ಅನ್ನಬೇಕು, ದಿನಕ್ಕೆರಡು ಸಲ ಪ್ರಿಂಟರ್ ಹಟ ಹಿಡಿದು ಕೂರುತ್ತಿತ್ತು, ಸಿಕ್ಕಿಕೊಂಡ ಫೈಲುಗಳನ್ನು ಅಳಿಸಲು ರೂಟ್ ಆಗಿಯೇ ಒಳಹೋಗಬೇಕು, ಅಂದರೆ ಯಂತ್ರದ ಯಜಮಾನನಾಗಿ, ಆ ಒಂದೇ ಕೆಲಸಕ್ಕೆ ಬೇರೆ ಲಾಗಿನ್ ಹೆಸರು ಮಾಡಿಕೊಡಿ, ಅದರಿಂದ ಇನ್ನೇನೂ ಆಗದಂತೆ, ಎಂದು ಸುತ್ತೋಲೆಯೇ ಇತ್ತು, ಅರ್ಧ ಗಂಟೆಯ ಕೆಲಸ, ನಾಳೆ ಅಂದೆ, ನಾಳೆ ಅಂದವನ ಮನೆ ಹಾಳು ಅನ್ನುತ್ತಿದ್ದಳು ಅವ್ವ, ಹಾಳಾದದ್ದು ನನ್ನ ಮನೆಯಲ್ಲ, ಒಂದು ನಲ್ಲಿ ತಿರುಗಿಸಲಿಕ್ಕೆ ಬೀಗದ ಕೈ ಗೊಂಚಲನ್ನೇ ಕೊಟ್ಟೆನಲ್ಲ.

ಆವತ್ತು ಆಯುಧಪೂಜೆ, ನಾನು ರಜೆಗೆ ಹೊರಟ ದಿನ, ಶಾಖೆಯ ಹೊರಗೆ ಆಟೋದಲ್ಲಿ ಹೆಂಡತಿ, ಅನಸೂಯಾ, ಬಿಜವಾಡದ ರೈಲು ತಪ್ತದೆ ಬರ್ರೀ ಎಂದು ಕೂಗುತ್ತಿದ್ದಾಳೆ, ಚೀಟಿಯಲ್ಲಿ ಪಾಸ್‌ವರ್ಡ್ ಗೀಚಿದೆ, ಕೆಳಗೆ ಎರಡು ಸಾಲು, ಮೊದಲನೆಯದು ಪ್ರಿಂಟರಿನ ಕೋಣೆಗೆ ಹೋಗು, ಅಂದರೆ ಯಂತ್ರದೊಳಗೆ ಅದರ ಫೈಲುಗಳಿರುವ ಜಾಗಕ್ಕೆ, ಎರಡನೆಯದು ಇಲ್ಲಿರುವುದನ್ನೆಲ್ಲ ಅಳಿಸು, ಇಷ್ಟೇ ಅಮ್ಮಾ, ಪರವಾಲೇದು ಈಶ್ವರಪ್ಪಗಾರೂ ಮೀರು ವೆಳ್ಳಂಡಿ, ನೀವು ಹೊರಡಿ ಎಂದರು ಭ್ರಮರಾಂಬಗಾರು, ಚೀಟಿಯನ್ನು ಕಣ್ಣಿಗೊತ್ತಿಕೊಂಡು ಮಾನಿಟರಿನ ಮುಂದಿನ ದುರ್ಗಮ್ಮನ ಪಟದ ಕೆಳಗಿಟ್ಟರು, ಸೀಲಿಗೆ, ಸ್ಟೇಪ್ಲರಿಗೆ, ಕೀಬೋರ್ಡಿಗೆ ನೀರಲ್ಲಿ ಕಲಸಿದ ಕುಂಕುಮ ಇಡುತ್ತಾ ಬಂದವರು ಚೀಟಿಗೂ ಇಟ್ಟರು, ಅದೂ ಆಯುಧವೇ ತಾನೇ, ಬೊಟ್ಟು ಮೊದಲ ಸಾಲಿನ ಮೇಲೆ ಬಿತ್ತು, ಹರಡಿತು, ನಾನು ಕಂಡೆ, ಕಂಡು ನಕ್ಕೆ, ಓಡಿದೆ. ಇವತ್ತು ಬೆಳಿಗ್ಗೆ ಪ್ರಿಂಟರ್ ನಿಂತಿರಬೇಕು, ಪಾಸ್‌ವರ್ಡಿನ ಕೆಳಗೆ ಓದಲಿಕ್ಕೆ ಬಂದದ್ದೊಂದೇ ಸಾಲು, ಅಷ್ಟನ್ನೇ ಒತ್ತಿದ್ದಾರೆ ಪಾಪ, ಯಾವ ಕೋಣೆಗೂ ಹೋಗದೆ, ಇಡೀ ಮನೆಯ ಹೊಸ್ತಿಲಲ್ಲೇ ನಿಂತು, ಎಲ್ಲ ಅಳಿಸು ಅಂತ, ಬೇರೆ ಯಾರಾದರೂ ಆಗಿದ್ದರೆ ನಿನಗೆ ಅಧಿಕಾರವಿಲ್ಲ ಎನ್ನುತ್ತಿತ್ತು ಯಂತ್ರ, ರೂಟ್‌ಗೆ ಅದು ಇಲ್ಲ ಅನ್ನುವುದಿಲ್ಲ.

ಲೈನಿನ್ಯಾಗ ಅದೀರೇನ್ರೀ, ನಿಮ್ಮ ಡೈರಿ ಕದ್ದು ನೋಡೀನಿ ಅಂತ ಆಕೀನ ಬರದುಕೊಟ್ಟಾಳ, ಸಸ್ಪೆಂಡ್ ಮಾಡೋದೊಂದ ದಾರಿ — ಕದ್ದು, ನನಗೆ ಡೈರಿಯೇ ಇಲ್ಲ, ಮೂವತ್ತನಾಲ್ಕು ವರ್ಷ ಬ್ಯಾಂಕಿನ ಗುಂಡುಸೂಜಿಯನ್ನೂ ಮನೆಗೆ ಒಯ್ಯದ ಹೆಂಗಸು, ನನ್ನನ್ನು ಉಳಿಸಲು ಕಳ್ಳಿಯಾದಳು, ಹೇಳು, ಈಗಲೇ ಹೇಳು, ಗಾಜಿನಾಚೆ ಅನಸೂಯಾ ಏನು ಎಂದು ಕೈಸನ್ನೆ ಮಾಡುತ್ತಿದ್ದಾಳೆ, ಬಾಯಿ ತೆರೆಯುತ್ತೇನೆ, ಸರ್, ಆ ಚೀಟಿ, ಎನ್ನುತ್ತೇನೆ, ಯಾವ ಚೀಟಿರೀ, ಇಲ್ಲಿ ಯಾವ ಚೀಟೀನೂ ಸಿಕ್ಕಿಲ್ಲ — ಅದನ್ನೂ ಹರಿದುಹಾಕಿದ್ದಾರೆ, ನನ್ನ ಅಕ್ಷರ ಇತ್ತಲ್ಲ, ಏನಿಲ್ಲ ಸರ್, ಎಂದಿತು ನನ್ನ ಬಾಯಿ, ಏನಿಲ್ಲ, ತೊಂಬತ್ತೆಂಟು, ತೊಂಬತ್ತೊಂಬತ್ತು, ಕೆಂಪು, ಇನ್ನೂ ಹಸಿ, ಅವರ ಉಂಗುರಬೆರಳು ಚೀಟಿಯಿಂದ ಮೇಲೇಳುತ್ತದೆ, ಬೊಟ್ಟು ಹರಡುತ್ತದೆ, ನಾನು ನೋಡುತ್ತಿದ್ದೇನೆ, ಹರಡುತ್ತದೆ, ನಾನು ನಗುತ್ತಿದ್ದೇನೆ